ಮಾತ್ರೆಯ ಜೊತೆ ಮಧುನಾಶಿನಿ: ನನ್ನ ಅನುಭವ

ನನಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ ಆಯ್ತು. ಟೈಪ್ 2. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎರಡೂ ಮಾತ್ರೆ ನಡೀತಾ ಇದ್ದವು, ಆದರೂ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತಪರೀಕ್ಷೆ) 8ರಿಂದ ಕೆಳಗೆ ಇಳಿಯುತ್ತಿರಲಿಲ್ಲ. ಆಗ ಮಧುನಾಶಿನಿ ಎಲೆಯ ಪುಡಿ ಶುರು ಮಾಡಿದೆ. ಸೊಪ್ಪು ತಾನೇ, ಏನಾಗುತ್ತೆ ಅಂತ ಡಾಕ್ಟರಿಗೆ ಹೇಳಲಿಲ್ಲ. ತಪ್ಪು ಅಲ್ಲೇ ಆಗಿದ್ದು.

ಎರಡು ವಾರದಲ್ಲಿ ಬೆಳಗಿನ ಶುಗರ್ ಸ್ವಲ್ಪ ಇಳಿಯಿತು. ಆ ಖುಷಿಯಲ್ಲಿ ಹಾಗಲಕಾಯಿ ರಸವನ್ನೂ ಸೇರಿಸಿಕೊಂಡೆ. ಒಂದು ದಿನ ಊಟಕ್ಕೆ ಮುಂಚೆ ಮಾತ್ರೆ ನುಂಗಿ, ಪುಡಿ ಕಲಸಿ ಕುಡಿದು, ಅಷ್ಟರಲ್ಲಿ ಯಾರದೋ ಫೋನ್ ಬಂದು ಮಾತಾಡ್ತಾ ಊಟ ತಡವಾಯಿತು. ಕೈ ನಡುಗತೊಡಗಿತು. ಕುತ್ತಿಗೆಯ ಹಿಂದೆ ತಣ್ಣನೆ ಬೆವರು, ಎದೆ ಡವಡವ. ಬೆರಳು ಚುಚ್ಚಿ ನೋಡಿದರೆ ಶುಗರ್ 54ಕ್ಕೆ ಕುಸಿದಿತ್ತು. ಸಕ್ಕರೆ ಡಬ್ಬಿ ತೆಗೆದು ಬಾಯಿಗೆ ಹಾಕಿಕೊಂಡೆ. ಸಿಹಿಯೇ ಇಲ್ಲ! ಮರಳು ಅಗಿದ ಹಾಗಿತ್ತು. ಈ ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ಸ್ವಲ್ಪ ಹೊತ್ತು ನಾಲಿಗೆಗೆ ಸಿಹಿ ತಿಳಿಯದ ಹಾಗೆ ಮಾಡುತ್ತವೆ, ಆದರೆ ಆ ಗಾಬರಿಯಲ್ಲಿ ಅದೆಲ್ಲ ಎಲ್ಲಿ ನೆನಪಾಗುತ್ತೆ? ನೀರಲ್ಲಿ ಕದಡಿ ಕುಡಿದೆ. 15 ನಿಮಿಷ ಬಿಟ್ಟು ನೋಡಿದರೆ 66. ಇನ್ನೊಂದು ಸಲ ಕುಡಿದ ಮೇಲೆ 90 ದಾಟಿತು.

ಮರುದಿನ ಡಾಕ್ಟರ್ ಬೈಯಲಿಲ್ಲ, ಬಿಡಿಸಿ ಹೇಳಿದರು. ಮೆಟ್‌ಫಾರ್ಮಿನ್ ಒಂದೇ ಆದರೆ ಶುಗರ್ ಹೀಗೆ ಕುಸಿಯೋದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ, ನಾವು ಊಟ ಮಾಡಲಿ ಬಿಡಲಿ ಅದು ಇನ್ಸುಲಿನ್ ಹೊರಡಿಸುತ್ತೆ. ಅದರ ಮೇಲೆ ಶುಗರ್ ಇಳಿಸೋ ಇನ್ನೆರಡು ಸೇರಿಸಿದರೆ? ಅವರು ಇನ್ನೊಂದು ಮಾತೂ ಹೇಳಿದರು: ಮೆಟ್‌ಫಾರ್ಮಿನ್‌ನ ಮೂಲವೂ ಗಲೇಗಾ ಅನ್ನೋ ಒಂದು ಗಿಡವೇ, ಅದರ ಸಾರವನ್ನು ನೇರವಾಗಿ ಕೊಟ್ಟಾಗ ವಿಷವಾಗುತ್ತಿತ್ತು. ಸೊಪ್ಪು ಅಂದರೆ ಸಾಧು ಅನ್ನೋ ನನ್ನ ನಂಬಿಕೆ ಅವತ್ತೇ ಹೋಯಿತು.

ಪುಡಿ ಬಿಡಲಿಲ್ಲ, ಮಾಡುವ ರೀತಿ ಬದಲಾಯಿಸಿದೆ. ಹಾಗಲಕಾಯಿ ನಿಲ್ಲಿಸಿದೆ, ಒಂದು ಸಲಕ್ಕೆ ಒಂದೇ ಗಿಡ. ಗ್ಲಿಮೆಪಿರೈಡನ್ನು ಡಾಕ್ಟರೇ ಅರ್ಧಕ್ಕೆ ಇಳಿಸಿದರು. ನಾನಾಗಿ ಯಾವ ಮಾತ್ರೆಯನ್ನೂ ಕಡಿಮೆ ಮಾಡಲಿಲ್ಲ, ಬಿಡಲೂ ಇಲ್ಲ, ನೀವೂ ಹಾಗೆ ಮಾಡಬೇಡಿ, ಇನ್ಸುಲಿನ್ ತಗೊಳ್ಳೋರಂತೂ ಖಂಡಿತ ಬೇಡ. ಮೊದಲ ತಿಂಗಳು ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ, ಏನು ತಿಂದೆ, ಎಷ್ಟು ಹೊತ್ತಿಗೆ ಪುಡಿ ತಗೊಂಡೆ, ಎಷ್ಟು ನಡೆದೆ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಪುಡಿ ಕುಡಿದರೆ ತಟ್ಟೆಯ ಮುಂದೆ ಕೂತೇ ಕುಡಿಯೋದು. ಲೇಬಲ್ ಇಲ್ಲದ ಪುಡಿ ತರಲ್ಲ, ಕೆಲವದರಲ್ಲಿ ಇಂಗ್ಲಿಷ್ ಮಾತ್ರೆಯನ್ನೇ ಅರೆದು ಬೆರೆಸಿರುತ್ತಾರೆ. ಲಿವರ್, ಕಿಡ್ನಿ ಪರೀಕ್ಷೆಯೂ ಆಗಾಗ ಮಾಡಿಸುತ್ತೇನೆ.

ಮೂರು ತಿಂಗಳಿಗೆ ಎಚ್‌ಬಿಎ1ಸಿ 7.2 ಬಂತು. ಅದನ್ನೆಲ್ಲ ಪುಡಿಯ ಲೆಕ್ಕಕ್ಕೆ ಹಾಕಲಾರೆ, ನಡಿಗೆಯನ್ನೂ ಆಗಲೇ ಜಾಸ್ತಿ ಮಾಡಿದ್ದೆ.

ಈಗ ನನ್ನ ಔಷಧದ ಚೀಟಿಯಲ್ಲಿ ಮಾತ್ರೆಗಳ ಕೆಳಗೆ ಮಧುನಾಶಿನಿಯ ಹೆಸರೂ ಇದೆ. ಕಳೆದ ವರ್ಷ ಹರ್ನಿಯಾ ಆಪರೇಷನ್‌ಗೆ ಮುಂಚೆ ಅರಿವಳಿಕೆ ಡಾಕ್ಟರ್ ಆ ಸಾಲಿನ ಮೇಲೆ ಬೆರಳಿಟ್ಟು, "ಇದನ್ನು ಎರಡು ವಾರ ಮುಂಚೆಯೇ ನಿಲ್ಲಿಸಿಬಿಡಿ" ಅಂದರು. ನಿಲ್ಲಿಸಿದೆ.