ಬಿ.ಎಚ್.ಸಿ. ಉಂಡ ಮಣ್ಣಿಗೆ ಬ್ಯಾಕ್ಟೀರಿಯಾ ಚಿಕಿತ್ಸೆ

ತೆಳು ಬಟ್ಟೆಯ ಗಂಟನ್ನು ಕುಟ್ಟುತ್ತ ಭತ್ತದ ಮೇಲೆ ಬಿ.ಎಚ್.ಸಿ. (ಬೆಂಜೀನ್ ಹೆಕ್ಸಾಕ್ಲೋರೈಡ್) ಎಂಬ ಕೀಟನಾಶಕದ ಪುಡಿ ಉದುರಿಸಿದ್ದು ಹಳೆಯ ರೈತರಿಗೆ ನೆನಪಿರುತ್ತದೆ. ದೇಶದಲ್ಲಿ ಅದು 1997ರಲ್ಲೇ ನಿಷೇಧವಾದರೂ, ಅದರ ಹಲವು ಅಣುರೂಪಗಳಲ್ಲಿ ಬೀಟಾ ಎಂಬುದು ಮಾತ್ರ ಮಣ್ಣಿನ ಕಣಗಳಿಗೆ ಅಂಟಿಕೊಂಡು ಬಹುಕಾಲ ಉಳಿಯುತ್ತದೆ.

ಈ ವಿಷವನ್ನು ಒಡೆಯುವ ಬ್ಯಾಕ್ಟೀರಿಯಾವನ್ನು ಮಣ್ಣಿಗೆ ಸೇರಿಸುವುದೇ ಇಲ್ಲಿನ ಚಿಕಿತ್ಸೆ. ಅದಕ್ಕೆ ಮೊದಲು ಪರೀಕ್ಷೆ ಮಾಡಿಸಬೇಕು. ಹೊಲದ ಹತ್ತು ಹದಿನೈದು ಕಡೆ 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ಅರ್ಧ ಕೆ.ಜಿ.ಯಷ್ಟನ್ನು ಗಾಜಿನ ಬಾಟಲಿಯಲ್ಲಿ ಕೀಟನಾಶಕ ಶೇಷ ಅಳೆಯುವ ಪ್ರಯೋಗಾಲಯಕ್ಕೆ ಕಳುಹಿಸಿ, ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ರೂಪಗಳ ಪ್ರಮಾಣವನ್ನು ಬೇರೆಬೇರೆಯಾಗಿ ಕೇಳಿ ಪಡೆಯಿರಿ. ಮಣ್ಣು ಆರೋಗ್ಯ ಚೀಟಿಯಲ್ಲಿ ಇದು ಸಿಗುವುದಿಲ್ಲ. ಅಡಿಕೆ, ಕಾಫಿ ತೋಟಗಳಲ್ಲಿ ತೊಂದರೆ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ತಾಮ್ರದ್ದಾಗಿದ್ದರೆ ಈ ವಿಧಾನವನ್ನು ಕೈಬಿಡಿ. ತಾಮ್ರ ಮೂಲಧಾತು, ಅದನ್ನು ಯಾವ ಬ್ಯಾಕ್ಟೀರಿಯಾವೂ ಒಡೆಯಲಾರದು.

ಎರಡನೆಯದು ಹದ ಮಾಡುವ ಕೆಲಸ. ನನ್ನ ಮಟ್ಟಿಗೆ ಅರ್ಧ ಫಲ ಇಲ್ಲೇ ಇದೆ. ಹುಳಿ ಮಣ್ಣಿಗೆ ಸುಣ್ಣ ಕೊಟ್ಟು ರಸಸಾರವನ್ನು (ಪಿ.ಎಚ್.) 7ರ ಆಸುಪಾಸಿಗೆ ತನ್ನಿ, ಗಾಳಿಯಾಡುವಂತೆ ಉಳುಮೆ ಮಾಡಿ. ಒಂದು ಹಿಡಿ ಮಣ್ಣನ್ನು ಹಿಂಡಿದಾಗ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು, ಬೆರಳಿನಿಂದ ತಿವಿದರೆ ಒಡೆಯಬೇಕು. ತೇವ ಅಷ್ಟಿದ್ದರೆ ಸಾಕು. ಗೊಬ್ಬರವನ್ನು ಮಿತವಾಗಿ ಹಾಕಿ, ಏಕೆಂದರೆ ಸಾವಯವ ಅಂಶ ಅತಿಯಾದರೆ ವಿಷ ಅದಕ್ಕೇ ಅಂಟಿಕೊಂಡು ಬ್ಯಾಕ್ಟೀರಿಯಾದ ಕೈಗೆ ಸಿಗುವುದಿಲ್ಲ.

ಆಮೇಲೆ ಬ್ಯಾಕ್ಟೀರಿಯಾ. ಅಂಗಡಿಯ ಅಜೋಸ್ಪಿರಿಲಂ, ರಂಜಕ ಕರಗಿಸುವ ಜೀವಾಣು ಗೊಬ್ಬರಗಳು ಈ ಕೆಲಸದವಲ್ಲ. ಒಡಿಶಾದ ಕಟಕ್‌ನ ಹೊಲದ ಮಣ್ಣಿನಲ್ಲೇ ಸಿಕ್ಕ ಸ್ಫಿಂಗೋಬಿಯಂ ಇಂಡಿಕಂ ಬಿ90ಎ ಎಂಬ ತಳಿಯಲ್ಲಿ ಲಿನ್‌ಎ, ಲಿನ್‌ಬಿ ಎಂಬ ಕಿಣ್ವಗಳಿದ್ದು, ಬಿ.ಎಚ್.ಸಿ. ಅಣುವೊಂದರಲ್ಲಿರುವ ಆರು ಕ್ಲೋರಿನ್‌ಗಳನ್ನು ಕಳಚುವ ಕೆಲಸಕ್ಕೆ ಇವೇ ಕೈಹಾಕುತ್ತವೆ. ಇಂಥ ತಳಿಯನ್ನು ಸಂಶೋಧನಾ ಸಂಸ್ಥೆಯ ಮಾರ್ಗದರ್ಶನದಲ್ಲಷ್ಟೇ ಬಳಸಬೇಕು. ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡಿನ ಪುಡಿಗೆ ಸೇರಿಸಿ, ಬಿಸಿಲು ಇಳಿದ ಮೇಲೆ ಮಣ್ಣಿಗೆ ಬೆರೆಸುವುದು ಒಂದು ಕ್ರಮ. ಹೊಸ ಜಾಗದಲ್ಲಿ ಅವುಗಳ ಸಂಖ್ಯೆ ಬೇಗ ಕುಸಿಯುವುದರಿಂದ ಮತ್ತೆ ಮತ್ತೆ ಕೊಡಬೇಕಾಗುತ್ತದೆ.

ಒಂದೆರಡು ಗುಂಟೆಯನ್ನು ಬ್ಯಾಕ್ಟೀರಿಯಾ ಹಾಕದೆ, ಉಳಿದ ಆರೈಕೆಯನ್ನೆಲ್ಲ ಮಾಡಿ ಪಕ್ಕದಲ್ಲೇ ಬಿಡಿ. ಕೆಲವು ತಿಂಗಳ ನಂತರ ಎರಡೂ ಕಡೆಯ ಮಣ್ಣನ್ನು ಪರೀಕ್ಷಿಸಿದಾಗ ಇಳಿಕೆ ಸಮನಾಗಿ ಕಂಡರೆ, ಹಾಕಿದ ಬ್ಯಾಕ್ಟೀರಿಯಾದಿಂದ ಏನೂ ಆಗಿಲ್ಲವೆಂದೇ ಅರ್ಥ. ಗಾಮಾ ಇಳಿದು ಬೀಟಾ ಹಾಗೆಯೇ ಉಳಿದಿದ್ದರೆ ಕೆಲಸ ಮುಂದುವರಿಯಬೇಕು. ಅಲ್ಲಿಯವರೆಗೆ ಆ ಹೊಲದಲ್ಲಿ ಮೂಲಂಗಿ, ಗಜ್ಜರಿ ಬೇಡ; ದನಗಳನ್ನೂ ಮೇಯಲು ಬಿಡಬೇಡಿ, ಹುಲ್ಲಿನಿಂದ ಈ ವಿಷ ಹಾಲಿನ ಕೊಬ್ಬಿಗೆ ಸೇರುತ್ತದೆ.