“ಪಾಪ” ಅಂದ್ರೆ ಸಾಕಾ?

ನಾನು ತುಮಕೂರಿನಲ್ಲಿ ಐದನೇ ತರಗತಿಗೆ ಪಾಠ ಮಾಡುತ್ತೇನೆ. ಒಂದು ವರ್ಷ ಜೂನ್‌ನಲ್ಲಿ ಪಾವಗಡದ ಕಡೆಯ ಹುಡುಗಿಯೊಬ್ಬಳು ಬಂದು ಸೇರಿದಳು. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ. ನಕ್ಕರೆ ಬಾಯಿಗೆ ಕೈ ಅಡ್ಡ ಬರುತ್ತಿತ್ತು. “ಹಲ್ಲುಜ್ಜಲ್ವಾ ನೀನು?” ಎಂದು ಹುಡುಗರು ರೇಗಿಸುತ್ತಿದ್ದರು. ಅವರನ್ನೇಕೆ ಅನ್ನಲಿ, ಮೊದಲ ವಾರ ನಾನೇ ಅವಳನ್ನು ಕರೆದು “ದಿನಾ ಎರಡು ಸಲ ಉಜ್ಜಮ್ಮ” ಅಂದಿದ್ದೆ. “ಉಜ್ತೀನಿ ಮಿಸ್” ಎಂದು ತಲೆ ತಗ್ಗಿಸಿದ್ದಳು. ಅವಳ ತಾತ ಶಾಲೆಗೆ ಬಂದಾಗ ನೋಡಿದೆ, ಅವರ ಹಲ್ಲೂ ಹಾಗೇ. “ನಮ್ಮೂರ ಬೋರ್ ನೀರು ಮೇಡಂ, ಎಲ್ರದ್ದೂ ಹಿಂಗೇ” ಅಂದರು. ನನಗೆ ನಾಚಿಕೆಯಾಯಿತು.

ನೀರಿನ ಕಷ್ಟ ಕ್ಲಾಸಿಗೆ ತಿಳಿಸಬೇಕು ಅನ್ನಿಸಿತು. ಮೊದಲು ಮಾಡಿದ್ದು ಪೋಸ್ಟರ್ ಪಾಠ. ತಲೆ ಮೇಲೆ ಬಿಂದಿಗೆ ಹೊತ್ತ ಹೆಂಗಸರು, ಬಿರುಕುಬಿಟ್ಟ ಕೆರೆ. ಮಕ್ಕಳೆಲ್ಲ “ಅಯ್ಯೋ ಪಾಪ” ಅಂದರು. ಬೆಲ್ ಹೊಡೆದ ಮೇಲೆ ನಲ್ಲಿ ತಿರುಗಿಸಿ ಒಬ್ಬರ ಮೇಲೊಬ್ಬರು ನೀರೆರಚಿಕೊಂಡರು. ಪಾಪ ಅನ್ನೋದು ಬಾಯಿಪಾಠವಾಗಿಬಿಟ್ಟಿದೆ, ಮಗ್ಗಿ ಥರ.

ಆಮೇಲೆ ಆ ಹುಡುಗಿಯನ್ನೇ ಕೇಳಿದೆ, ನಿಮ್ಮೂರಿನ ನೀರನ್ನು ಕ್ಲಾಸಲ್ಲಿ ತೋರಿಸೋಣ್ವಾ ಎಂದು. ಎರಡು ದಿನ ಸುಮ್ಮನಿದ್ದಳು. ಮೂರನೇ ದಿನ ತಾತನ ಕೈಲಿ ಒಂದು ಬಾಟಲಿ ತರಿಸಿದಳು. ಪರಿಚಯದ ಗ್ರಾಮ ಪಂಚಾಯಿತಿ ವಾಟರ್‌ಮ್ಯಾನ್ ಹತ್ತಿರ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ನೋಡುವ ಕಿಟ್ ಇಸ್ಕೊಂಡು ಬಂದೆ. ಫ್ಲೋರೈಡ್ ಅಂದ್ರೆ ನೀರಲ್ಲಿ ಕರಗಿರುವ, ಹೆಚ್ಚಾದರೆ ಹಲ್ಲಿಗೆ ಕಲೆ ತರುವ ಲವಣಾಂಶ.

ಮೇಜಿನ ಮೇಲೆ ಎರಡು ಗಾಜಿನ ಲೋಟ. ಒಂದರಲ್ಲಿ ನಮ್ಮ ನಲ್ಲಿಯ ಹೇಮಾವತಿ ನೀರು, ಇನ್ನೊಂದರಲ್ಲಿ ಅವರೂರ ಬೋರ್ ನೀರು. ಯಾವುದು ಕೆಟ್ಟದ್ದು ಹೇಳಿ ಅಂದೆ. ಎಲ್ಲರೂ ಬಗ್ಗಿ ನೋಡಿದರು, ಮೂಸಿದರು. “ಎರಡೂ ಒಂದೇ ಮಿಸ್.” ಎರಡು ಕೊಳವೆಗೆ ಸ್ವಲ್ಪ ಸ್ವಲ್ಪ ಸುರಿದು, ಕಿಟ್‌ನ ದ್ರಾವಣದ ಹನಿಗಳನ್ನು ನಾನೇ ಹಾಕಿದೆ. ಅದರಲ್ಲಿ ಆಮ್ಲ ಇರುತ್ತದೆ, ಮಕ್ಕಳ ಕೈಗೆ ಕೊಡಬಾರದು. ನಮ್ಮ ನೀರು ಗುಲಾಬಿ ಬಣ್ಣದಲ್ಲೇ ನಿಂತಿತು. ಬೋರ್ ನೀರು ಹಳದಿಗೆ ತಿರುಗಿತು. ಕಿಟ್‌ನ ಬಣ್ಣದ ಪಟ್ಟಿಗೆ ಹಿಡಿದರೆ ಫ್ಲೋರೈಡ್ ಲೀಟರ್‌ಗೆ ಒಂದೂವರೆ ಮಿಲಿಗ್ರಾಂ ಮಿತಿಯನ್ನು ದಾಟಿತ್ತು.

ಆಗ ಪ್ರಶ್ನೆ ಶುರುವಾದವು. ಕಾಯಿಸಿದ್ರೆ? ಹೋಗಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಫ್ಲೋರೈಡ್ ಪ್ರಮಾಣ ಹೆಚ್ಚುತ್ತೆ. ಬಟ್ಟೇಲಿ ಸೋಸಿದ್ರೆ? ಕರಗಿರೋದು ಹೇಗೆ ಸೋಸೋದು! ಎಲ್ಲಿಂದ ಬಂತು? ಬಂಡೆಯಿಂದ. ಆಳದ ನೀರು ವರ್ಷಗಟ್ಟಲೆ ಬಂಡೆಯ ಸಂದಿಯಲ್ಲಿ ನಿಂತು ಅದನ್ನು ಕರಗಿಸಿಕೊಳ್ಳುತ್ತೆ. ಹಲ್ಲು ಇನ್ನೂ ಒಸಡಿನೊಳಗೆ ಬೆಳೆಯುವಾಗಲೇ ಕಲೆ ಕೂತಿರುತ್ತೆ, ಉಜ್ಜಿ ಏನು ಪ್ರಯೋಜನ?

ರೇಗಿಸುತ್ತಿದ್ದ ಹುಡುಗನೇ ಕೇಳಿದ, “ಹಾಗಾದ್ರೆ ಅವಳು ಹುಟ್ಟಿದಾಗಿಂದ ಇದೇ ಕುಡಿದಿದ್ದಾ?” ಉತ್ತರ ಅವಳೇ ಕೊಟ್ಟಳು. ಹೌದು, ಆಮೇಲೆ ಊರಲ್ಲಿ ಶುದ್ಧ ನೀರಿನ ಘಟಕ ಬಂದಿದೆ, ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತದೆ, ಕೆಟ್ಟರೆ ಮತ್ತೆ ಬೋರ್ ನೀರೇ. ಅವಳು ಕ್ಲಾಸಲ್ಲಿ ಅಷ್ಟು ಜಾಸ್ತಿ ಮಾತಾಡಿದ್ದು ಅದೇ ಮೊದಲು.

ಸೋಮವಾರ ನನ್ನ ಮೇಜಿನ ಮೇಲೆ ಆರು ಬಾಟಲಿ. ಮನೆ ಬೋರ್ ನೀರು, ಟ್ಯಾಂಕರ್ ನೀರು ಎಂದು ಚೀಟಿ ಅಂಟಿಸಿ ತಂದಿದ್ದರು. ಆ ಹುಡುಗನ ಬಾಟಲಿ ಸ್ವಲ್ಪ ಹಳದಿಗೆ ತಿರುಗಿತು. ಗಾಬರಿಯಲ್ಲಿ ಅವನು ಸೀದಾ ಅವಳ ಬೆಂಚಿಗೆ ಹೋಗಿ “ನಂದು ನೋಡೇ” ಎಂದು ಬಾಯಿ ತೆರೆದ. ಅವಳು ಡಾಕ್ಟರ್ ಥರ ಗದ್ದ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ, ಒಂದೊಂದೇ ಹಲ್ಲು ನೋಡುತ್ತಿದ್ದಳು.