ಅಪಾರ್ಟ್‌ಮೆಂಟಿಗೆ ಎಷ್ಟು ಕರೆಂಟ್ ಬೇಕು? ಲೋಡ್ ಲೆಕ್ಕ ಹಾಕೋದು ಹೀಗೆ

ಅಪಾರ್ಟ್‌ಮೆಂಟ್ ಕಟ್ಟೋರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡ್ತಾರೆ, ಮನೆಗೆ ಇಷ್ಟು ಕಿಲೋವ್ಯಾಟ್ ಅಂತ ಬಾಯಿಲೆಕ್ಕದಲ್ಲಿ ಬರೆದು ಕೊಟ್ಬಿಡ್ತಾರೆ, ಇಲ್ಲಾಂದ್ರೆ ಇರೋ ಬರೋದೆಲ್ಲಾ ಕೂಡಿಸಿ ಭಾರೀ ಟ್ರಾನ್ಸ್‌ಫಾರ್ಮರ್ ಕೇಳ್ತಾರೆ. ಮೊದಲನೇದ್ರಲ್ಲಿ ಬೆಳಬೆಳಗ್ಗೆ ಮೇನ್ ಟ್ರಿಪ್, ಎರಡನೇದ್ರಲ್ಲಿ ಬಳಸದ ಲೋಡಿಗೂ ತಿಂಗಳಾ ತಿಂಗಳಾ ಫಿಕ್ಸೆಡ್ ಚಾರ್ಜ್, ಯಾಕಂದ್ರೆ ಬೆಸ್ಕಾಂ ಅದನ್ನ ಹಾಕೋದು ಸ್ಯಾಂಕ್ಷನ್ ಆದ ಕಿಲೋವ್ಯಾಟ್ ಮೇಲೆ.

ಬೆಂಗಳೂರಲ್ಲಿ ಎರಡು ಬೆಡ್‌ರೂಮಿನ 24 ಮನೆ ಇರೋ ಬಿಲ್ಡಿಂಗ್ ಅಂತ ಇಟ್ಕೊಳ್ಳಿ.

ಮೊದಲು ಒಂದು ಮನೆ ಲಿಸ್ಟ್ ಮಾಡಿ. ಎಲ್‌ಇಡಿ ಲೈಟೆಲ್ಲಾ ಸೇರಿ 100 ವ್ಯಾಟ್, ಐದು ಫ್ಯಾನ್ 375, ಫ್ರಿಜ್ 200, ಟಿವಿ 100, ಮಿಕ್ಸಿ 750, ವಾಷಿಂಗ್ ಮಷಿನ್ 500, ಇಸ್ತ್ರಿಪೆಟ್ಟಿಗೆ 1000, ಓವನ್ 1200, ಒಂದು ಎಸಿ 1500, ಎರಡು ಗೀಸರ್ 4000. ಒಟ್ಟು 9.7 ಕಿಲೋವ್ಯಾಟ್ ಆಯ್ತು, ಇದು ಕನೆಕ್ಟೆಡ್ ಲೋಡ್, ಅಂದ್ರೆ ಮನೇಲಿರೋದೆಲ್ಲಾ ಒಟ್ಟಿಗೆ ಹಾಕಿದ್ರೆ ಎಳೆಯೋ ಕರೆಂಟ್. 24ರಿಂದ ಗುಣಿಸಿದ್ರೆ 233 ಬರತ್ತೆ, ನೋಡಿ ಗಾಬರಿ ಬೀಳ್ಬೇಡಿ, ಎಲ್ಲಾನೂ ಒಟ್ಟಿಗೆ ಹಾಕೋರು ಯಾರೂ ಇಲ್ಲ. ಒಂದು ಮನೇಲಿ ಒಂದೇ ಹೊತ್ತಿಗೆ ಓಡೋದು ಅರ್ಧದಷ್ಟು, ಅಂದ್ರೆ ಮನೆಗೆ 5 ಕಿಲೋವ್ಯಾಟ್, ಸಿಂಗಲ್ ಫೇಸಲ್ಲಿ ಸುಮಾರು 22 ಆಂಪ್ಸ್.

24 ಮನೆದು ಕೂಡಿಸಿದ್ರೆ 120, ಆದ್ರೆ ಎಲ್ಲಾ ಮನೇನೂ ಒಟ್ಟಿಗೆ ಪೀಕ್‌ಗೆ ಹೋಗಲ್ಲ ಅಂತ ಡೈವರ್ಸಿಟಿ ಹಿಡಿದು ಇದನ್ನೂ ಅರ್ಧ ಮಾಡ್ತಾರೆ, 60 ಆಯ್ತು. ಈ ‘ಅರ್ಧ’ವನ್ನ ಕಣ್ಮುಚ್ಚಿ ನಂಬೋದು ನನಗಂತೂ ಇಷ್ಟ ಇಲ್ಲ, ಗಡಿಯಾರ ಇಟ್ಕೊಂಡು ಚೆಕ್ ಮಾಡ್ಬೇಕು. ಚೆನ್ನೈಲಾದ್ರೆ ಪೀಕ್ ಬರೋದು ರಾತ್ರಿ ಎಸಿಗೆ, ನಮ್ಮಲ್ಲಿ ಡಿಸೆಂಬರ್ ಚಳೀಲಿ ಬೆಳಗ್ಗೆ ಏಳು ಗಂಟೆ ಗೀಸರ್‌ಗೆ. ಮಕ್ಕಳ ಸ್ಕೂಲು, ದೊಡ್ಡೋರ ಆಫೀಸು ಎಲ್ಲಾ ಆಗಲೇ ತಾನೇ. ಪ್ರತಿ ಮನೇಲೂ ಒಂದೊಂದು ಗೀಸರ್ ಆನ್ ಅಂದ್ರೆ 48, ಮಿಕ್ಕಿದ್ದು ಮನೆಗೆ ಅರ್ಧ ಕಿಲೋವ್ಯಾಟ್‌ನಂತೆ 12, ಸರಿಯಾಗಿ 60 ಬಂತು. ಸೋಲಾರ್ ಇದೆಯಲ್ಲ ಅಂತ ಗೀಸರ್ ಬಿಟ್ಟು ಲೆಕ್ಕ ಹಾಕೋರಿದ್ದಾರೆ, ಮೋಡ ಮುಚ್ಚಿದ ದಿನ ಅದರ ಬ್ಯಾಕಪ್ ಕಾಯಿಲೂ ಕರೆಂಟೇ ತಿನ್ನೋದು.

ಈಗ ಕಾಮನ್ ಏರಿಯಾ. ಲಿಫ್ಟ್ 7.5 ಎಚ್‌ಪಿ, ಬೋರ್‌ವೆಲ್ 7.5, ಸಂಪ್ ಪಂಪ್ 5, ಒಟ್ಟು 20 ಎಚ್‌ಪಿ. 0.746ರಿಂದ ಗುಣಿಸಿದ್ರೆ 15 ಕಿಲೋವ್ಯಾಟ್, ಆದ್ರೆ ಎಚ್‌ಪಿ ಅನ್ನೋದು ಮೋಟಾರ್ ಹೊರಗೆ ಕೊಡೋ ಶಕ್ತಿ, ಒಳಗೆ ಎಳೆಯೋದು ಜಾಸ್ತಿ, ಅದಕ್ಕೆ ಮೋಟಾರ್ ದಕ್ಷತೆ 0.85ರಿಂದ ಭಾಗಿಸಿ, ಸುಮಾರು 17.5 ಬರತ್ತೆ. ಕಾರಿಡಾರ್ ಲೈಟು ಸೇರಿಸಿ 20 ಹಿಡೀರಿ. ಫೈರ್ ಪಂಪ್ ಬೇಕಾಗೋ ಎತ್ತರದ ಬಿಲ್ಡಿಂಗ್ ಆದ್ರೆ ಅದರ ಲೆಕ್ಕ ಬೇರೆ.

ಪಾರ್ಕಿಂಗಲ್ಲಿ ಆರು ಇವಿ ಚಾರ್ಜರ್, 3.3 ಕಿಲೋವ್ಯಾಟಿಂದು, ಇನ್ನೊಂದು 20. ರಾತ್ರಿ ತಾನೇ ಚಾರ್ಜ್ ಮಾಡೋದು ಅಂತ ಬಿಡ್ಬೇಡಿ, ರಾತ್ರಿ ಲೇಟಾಗಿ ಬಂದು ಹಾಕಿದ ಗಾಡಿ ಬೆಳಗ್ಗೆ ಏಳಕ್ಕೂ ಎಳೀತಾ ಇರತ್ತೆ.

ಒಟ್ಟು 100 ಕಿಲೋವ್ಯಾಟ್. ಎಳೆಯೋ ಕರೆಂಟಲ್ಲಿ ನಿಜವಾಗಿ ಕೆಲಸಕ್ಕೆ ಬರೋ ಪಾಲು, ಅಂದ್ರೆ ಪವರ್ ಫ್ಯಾಕ್ಟರ್, 0.9 ಅಂತಿಟ್ಕೊಂಡು ಭಾಗಿಸಿದ್ರೆ 111 ಕೆವಿಎ (ಟ್ರಾನ್ಸ್‌ಫಾರ್ಮರ್ ಅಳೆಯೋದು ಇದರಲ್ಲೇ), ಮೂರು ಫೇಸಿನ 415 ವೋಲ್ಟಲ್ಲಿ ಸುಮಾರು 155 ಆಂಪ್ಸ್. ಟ್ರಾನ್ಸ್‌ಫಾರ್ಮರನ್ನ 80 ಪರ್ಸೆಂಟಿಗಿಂತ ಮೇಲೆ ಓಡಿಸ್ಬಾರ್ದು ಅಂತಿದ್ರೆ 139 ಕೆವಿಎ ಬೇಕು, ಮಾರ್ಕೆಟಲ್ಲಿ 100 ಆದ್ಮೇಲೆ ಸಿಗೋ ಸೈಜು 160, ಅದೇ ತಗೊಳ್ಳಿ.

ಲೆಕ್ಕ ಸರಿ ಇದ್ರೂ ಎಡವೋದು ಫೇಸ್ ಹಂಚೋದ್ರಲ್ಲಿ, ಅಂದ್ರೆ ಬಿಲ್ಡಿಂಗಿಗೆ ಬರೋ ಆರ್, ವೈ, ಬಿ ಅನ್ನೋ ಮೂರು ಲೈನಿಗೆ ಮನೆಗಳನ್ನ ಹಂಚೋದ್ರಲ್ಲಿ. ಫೇಸಿಗೆ ಎಂಟು ಮನೆ ಹಾಕಿದ್ರೆ ಮನೆಗಳ ಆ 60 ಮೂರು ಪಾಲಾಗಿ ಒಂದೊಂದು ಫೇಸಿಗೆ 20 ಕಿಲೋವ್ಯಾಟ್, 87 ಆಂಪ್ಸ್. ಎಲೆಕ್ಟ್ರಿಷಿಯನ್ ವೈರ್ ಉಳಿಸೋಕೆ ಅಂತ ಹತ್ತಿರದ ಹನ್ನೆರಡು ಮನೇನ ಆರ್ ಫೇಸಿಗೇ ಸೇರಿಸಿದ ಅಂದ್ರೆ ಅದರ ಮೇಲೆ 130 ಆಂಪ್ಸ್, ಮನೆಗಳ ಲೈನಿಗೆ ಹಾಕಿದ 100 ಆಂಪ್ಸಿನ ಎಂಸಿಸಿಬಿ (ಮೂರೂ ಫೇಸನ್ನ ಒಟ್ಟಿಗೆ ಕಟ್ ಮಾಡೋ ದೊಡ್ಡ ಬ್ರೇಕರ್) ಬಿದ್ದು 24 ಮನೆ ನೀರೂ ತಣ್ಣಗೆ. ಚಾರ್ಜರ್‌ಗಳನ್ನೂ ಇದೇ ಥರ ಫೇಸಿಗೆ ಎರಡೆರಡು ಹಾಕ್ಸಿ.

ಈ ಶೀಟ್ ತಗೊಂಡು ಲೈಸೆನ್ಸ್ ಇರೋ ಕಾಂಟ್ರಾಕ್ಟರ್ ಹತ್ರ ಹೋಗಿ, ಡ್ರಾಯಿಂಗು, ಕೇಬಲ್ ಸೈಜು ಅವರ ಕೆಲಸ. ಜನ ಬಂದು ಒಂದು ಚಳಿಗಾಲ ಕಳೆದ್ಮೇಲೆ ಮೀಟರಲ್ಲಿ ರೆಕಾರ್ಡ್ ಆದ ಎಂಡಿ (ಮ್ಯಾಕ್ಸಿಮಮ್ ಡಿಮ್ಯಾಂಡ್, ಅಂದ್ರೆ ಅತಿ ಹೆಚ್ಚು ಎಳೆದ ಲೋಡ್) ನೋಡಿ, ಸ್ಯಾಂಕ್ಷನ್ ಲೋಡ್ ಏರಿಸ್ಬೇಕೋ ಇಳಿಸ್ಬೇಕೋ ಆಗ ಡಿಸೈಡ್ ಮಾಡಿ.